ಸಿಕ್ಕಿದ್ದು ಯಾರದು?

ಕಳೆದ ಬೇಸಿಗೆಯಲ್ಲಿ ನನ್ನ ತಂಗಿಯ ಮಗ ಬೆಂಗಳೂರಿನಿಂದ ಶಿಕಾರಿಪುರಕ್ಕೆ ಬಂದಾಗ ಅವನ ಕೈಯಲ್ಲಿ ಉದ್ದನೆಯ ಒಂದು ಪೆಟ್ಟಿಗೆ ಇತ್ತು. ಕ್ರಿಕೆಟ್ ಬ್ಯಾಟಿರಬೇಕು ಅಂದುಕೊಂಡೆ. ಬಿಚ್ಚಿದರೆ ಒಂದು ಕೋಲು, ಕೋಲಿನ ತುದಿಗೆ ದೋಸೆಹಂಚಿನಷ್ಟು ಅಗಲದ ತಟ್ಟೆ, ಹಿಡಿಕೆಯ ಹತ್ತಿರ ಒಂದು ಪುಟ್ಟ ಡಬ್ಬಿ.

"ಇದೆಂಥದೋ ಮಾರಾಯಾ?" ಅಂದೆ.

"ಮೆಟಲ್ ಡಿಟೆಕ್ಟರ್ ದೊಡ್ಡಮ್ಮ. ಮಣ್ಣಿನೊಳಗೆ ಚಿನ್ನ ಬೆಳ್ಳಿ ಇದ್ದರೆ ಕೂಗತ್ತೆ."

ಹೊರದೇಶಗಳಲ್ಲಿ ರಜೆ ಬಂತೆಂದರೆ ಜನ ಇದನ್ನು ಹಿಡಿದುಕೊಂಡು ಹೊಲ, ಸಮುದ್ರದ ದಂಡೆ ಎಲ್ಲ ಸುತ್ತುತ್ತಾರಂತೆ. ನಾವು ಚಿಕ್ಕವರಿದ್ದಾಗ ಅಂಚೆಚೀಟಿ ಕೂಡಿಡುತ್ತಿದ್ದೆವಲ್ಲ, ಹಾಗೆ ಅದೂ ಒಂದು ಹವ್ಯಾಸವಂತೆ. ಹವ್ಯಾಸಕ್ಕೆ ನಮ್ಮೂರೇ ಯಾಕೆ ಬೇಕಾಯಿತು ಎಂದು ಕೇಳಿದ್ದಕ್ಕೆ, "ನಿಮ್ಮ ಕಡೆಯಷ್ಟು ಹಳೇ ನೆಲ ಎಲ್ಲಿದೆ? ಬಳ್ಳಿಗಾವಿ, ತಾಳಗುಂದ, ಆಚೆಗೆ ಸೊರಬದ ಕುಬಟೂರು, ಚಂದ್ರಗುತ್ತಿ. ಸಾವಿರದೈನೂರು ವರ್ಷದಿಂದ ರಾಜರು ಆಳಿದ ಜಾಗ. ಏನಾದರೂ ಬಿದ್ದೇ ಇರತ್ತೆ" ಅಂದ.

ಅವತ್ತು ಸಂಜೆ ನಮ್ಮ ಅಂಗಳದಲ್ಲೇ ಪರೀಕ್ಷೆ ನಡೆಯಿತು. ಅಕ್ಕಪಕ್ಕದ ಹೆಂಗಸರೂ ಬಂದರು. ನನ್ನ ಬಳೆಗೆ ಹಿಡಿದರೆ ಕೂಗಿತು, ಎದುರುಮನೆಯವರ ಕರಿಮಣಿಗೆ ಹಿಡಿದರೆ ಕೂಗಿತು. ಎಲ್ಲರಿಗೂ ನಗುವೋ ನಗು. ಕತ್ತಲಾಗುವ ಹೊತ್ತಿಗೆ ನೆಲದಿಂದ ಹೊರಬಂದ ಐಶ್ವರ್ಯ ಇಷ್ಟು: ಮೂರು ಮೊಳೆ, ಒಂದು ಸೋಡಾ ಬಾಟಲಿಯ ಮುಚ್ಚಳ, ಗುಳಿಗೆಯ ಹೊಳೆಯುವ ಹಾಳೆ, ಯಾವ ಕಾಲದ್ದೋ ಒಂದು ಸೌಟಿನ ತುಂಡು, ಆರು ಮೂಲೆಯ ಇಪ್ಪತ್ತು ಪೈಸೆ.

ಅದು ಹೇಗೆ ಕೆಲಸ ಮಾಡುತ್ತದೆಂದು ನನಗೆ ತಿಳಿಯುವ ಹಾಗೆ ಅವನು ಹೇಳಿದ. ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇದೆ. ಅದರಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತ ಹರಿಯುತ್ತದೆ. ಅದರಿಂದ ಹುಟ್ಟಿದ ಕಾಂತಶಕ್ತಿ ನೆಲಕ್ಕಿಳಿದು ಯಾವುದಾದರೂ ಲೋಹಕ್ಕೆ ತಾಗಿದರೆ ಆ ಲೋಹದಲ್ಲೂ ಸಣ್ಣಗೆ ವಿದ್ಯುತ್ತು ಸುಳಿಯುತ್ತದೆ. ಅದರ ಮರುದನಿಯನ್ನು ಇನ್ನೊಂದು ಸುರುಳಿ ಹಿಡಿದು ಕೂಗಿ ಹೇಳುತ್ತದೆ. ಒಂದು ನಾಣ್ಯವಾದರೆ ಗೇಣು, ಹೆಚ್ಚೆಂದರೆ ಒಂದೂವರೆ ಗೇಣು ಆಳದವರೆಗೆ ಅದರ ಕಿವಿ. ಮಣ್ಣು, ಮರ, ಕಲ್ಲು ಸಾಮಾನ್ಯವಾಗಿ ಅದಕ್ಕೆ ಕೇಳಿಸುವುದಿಲ್ಲ.

ಇದರ ಪೂರ್ವಜನ ಕತೆಯನ್ನೂ ಹೇಳಿದ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿತ್ತು. ಒಳಗೆ ಸೇರಿದ ಗುಂಡು ಎಲ್ಲಿದೆಯೆಂದು ತಿಳಿಯದೆ ವೈದ್ಯರು ಒದ್ದಾಡುವಾಗ, ಟೆಲಿಫೋನು ಕಂಡುಹಿಡಿದ ಬೆಲ್ ಇಂಥದೇ ಒಂದು ಯಂತ್ರ ತಯಾರಿಸಿ ತಂದರು. ಆದರೆ ಮಂಚದ ಹಾಸಿಗೆಯಲ್ಲಿದ್ದ ಉಕ್ಕಿನ ತಂತಿಗಳು ಯಂತ್ರದ ದಾರಿ ತಪ್ಪಿಸಿದವು. ಸಾಲದ್ದಕ್ಕೆ ಗುಂಡು ಬಲಗಡೆಯೇ ಇದೆಯೆಂದು ದೊಡ್ಡ ವೈದ್ಯರು ಮೊದಲೇ ತೀರ್ಮಾನಿಸಿಬಿಟ್ಟಿದ್ದರಿಂದ ಹುಡುಕಿದ್ದೂ ಆ ಕಡೆಯೇ. ಅಧ್ಯಕ್ಷರು ತೀರಿಕೊಂಡ ಮೇಲೆ ನೋಡಿದರೆ ಗುಂಡು ಎಡಗಡೆ ಇತ್ತು. ಈ ಕತೆ ಕೇಳಿ ಅವತ್ತು ಸುಮ್ಮನೆ ತಲೆಯಾಡಿಸಿದೆ. ಅದು ನನಗೂ ಸೇರಿದ ಕತೆ ಎಂದು ಆಗ ಹೊಳೆದಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆಯೇ ಬಳ್ಳಿಗಾವಿಗೆ ಹೋಗೋಣವೆಂದು ಯಂತ್ರವನ್ನು ಹೆಗಲಿಗೆ ಹಾಕಿ ನಿಂತ. ಬೇಡವೆಂದೆ. ನಮ್ಮ ಕಡೆ ನಿಧಿಯ ಹುಚ್ಚು ಹೊಸದಲ್ಲ. ಕೊಪ್ಪರಿಗೆ ಹೊನ್ನು, ಅದನ್ನು ಕಾಯುವ ಹಾವು, ಅಂಜನ ಹಾಕಿ ನೋಡುವವರು ಇವರ ಕತೆ ಕೇಳದ ಮಗು ಮಲೆನಾಡಿನಲ್ಲಿಲ್ಲ. ಹಾಳುಬಿದ್ದ ಗುಡಿಗಳಿಗೆ ಹೋದರೆ ಪೀಠ ಕಿತ್ತ ಲಿಂಗ, ಮಗುಚಿದ ನಂದಿ, ಗರ್ಭಗುಡಿಯ ನಟ್ಟನಡುವೆ ಗುಂಡಿ ನೋಡಿ ಹೊಟ್ಟೆ ಉರಿಯುತ್ತದೆ. ನಿಧಿಯ ಆಸೆಗೆ ಬಲಿ ಕೊಡುವ ಕ್ರೌರ್ಯದವರೆಗೂ ಹೋದವರಿದ್ದಾರೆ. ನಮ್ಮ ರಾಜ್ಯದಲ್ಲಿ 2017ರಲ್ಲಿ ಅಮಾನುಷ ಆಚರಣೆಗಳ ವಿರುದ್ಧ ಕಾಯಿದೆ ಮಾಡುವಾಗ ನಿಧಿಶೋಧದ ಹೆಸರಿನಲ್ಲಿ ನಡೆಯುವುದನ್ನೂ ಅದರಲ್ಲಿ ಸೇರಿಸಬೇಕಾಯಿತು. ಇವನ ಕೈಯಲ್ಲಿರುವುದು ಅಂಜನವಲ್ಲ, ಯಂತ್ರ. ಆದರೆ ಅಗೆದ ಗುಂಡಿಗೆ ಅದರ ವ್ಯತ್ಯಾಸ ಗೊತ್ತಾಗುವುದಿಲ್ಲವಲ್ಲ.

"ನಾನು ಗುಡಿ ಒಳಗೆ ಹೋಗಲ್ಲ ದೊಡ್ಡಮ್ಮ. ಸುತ್ತಮುತ್ತ ಬಯಲಲ್ಲಿ ನೋಡೋದು ಅಷ್ಟೆ. ಯಾರದೂ ಅಲ್ಲದ್ದನ್ನ ತಗೊಂಡರೆ ಯಾರಿಗೆ ನಷ್ಟ?"

ಯಂತ್ರ ಮನೆಯಲ್ಲಿಡು, ಹಾಗೇ ನೋಡಿಕೊಂಡು ಬರೋಣ ಬಾ ಎಂದು ಕರೆದುಕೊಂಡು ಹೋದೆ.

ಮೊದಲು ತಾಳಗುಂದ. ಪ್ರಣವೇಶ್ವರ ದೇವಸ್ಥಾನದ ಎದುರು ಕದಂಬರ ಸ್ತಂಭ ನಿಂತಿದೆ. ಮಯೂರಶರ್ಮ ಓದಲೆಂದು ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕತೆ ನಮಗೆ ತಿಳಿದದ್ದು ಈ ಕಲ್ಲಿನಿಂದ. ಬರೆದ ಕವಿ ಕುಬ್ಜ. ಇದೇ ಆವರಣದಲ್ಲಿ 2013ರಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಸಿಂಹದ ಮುಖವಿರುವ ಕಟಾಂಜನವೊಂದು ಸಿಕ್ಕಿತು. ಅದರ ಮೇಲೆ ಸಂಸ್ಕೃತದ ಜೊತೆಗೆ ಕನ್ನಡ. ಇಲಾಖೆಯವರು ಅದನ್ನು 370ರ ಸುಮಾರಿನದು ಎಂದಿದ್ದಾರೆ. ನಾನು ಶಾಲೆಯಲ್ಲಿ ಮಕ್ಕಳಿಗೆ ಕನ್ನಡದ ಮೊದಲ ಶಾಸನ 450ರ ಹಲ್ಮಿಡಿಯದು ಎಂದು ಕಲಿಸಿ ಕಲಿಸಿ ನಿವೃತ್ತಳಾದವಳು. ಆ ಪಾಠವನ್ನೇ ತಿದ್ದಿಸುವಂಥ ವಸ್ತು ನಮ್ಮ ತಾಲ್ಲೂಕಿನಲ್ಲೇ ಮಣ್ಣು ಹೊದ್ದು ಮಲಗಿತ್ತು!

"ನಿನ್ನ ಯಂತ್ರ ಇದರ ಮೇಲೆ ಆಡಿಸಿದ್ದರೆ ಏನಾಗುತ್ತಿತ್ತೋ?" ಎಂದು ಕೇಳಿದೆ.

"ಕಲ್ಲಲ್ವಾ, ಸುಮ್ಮನಿರುತ್ತಿತ್ತು" ಎಂದು ನಕ್ಕ.

ಕಲ್ಲಿಗೆ ಅಷ್ಟು ಬೆಲೆ ಬಂದದ್ದು ಅದು ಎಲ್ಲಿ, ಯಾವ ಆಳದಲ್ಲಿ, ಯಾವುದರ ಪಕ್ಕ ಇತ್ತು ಎಂಬುದನ್ನೆಲ್ಲ ಬರೆದಿಟ್ಟುಕೊಂಡು ಅಗೆದದ್ದರಿಂದ. ಇವನಂಥವರು ಒಂದು ನಾಣ್ಯಕ್ಕಾಗಿ ಗುಂಡಿ ತೋಡಿದರೆ ನಾಣ್ಯ ಕೈಗೆ ಬಂದೀತು. ಅದರ ಊರು, ಅದರ ನೆರೆಹೊರೆ ಹೋಯಿತು. ಆಮೇಲೆ ಅದು ಯಾರದೆಂದು ಯಾವ ಪಂಡಿತರೂ ಹೇಳಲಾರರು. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯಬಾರದು ಎಂಬ ಕಾನೂನಿನ ಹಿಂದೆ ಇರುವ ವಿವೇಕ ಇದು.

ಬಳ್ಳಿಗಾವಿಯಲ್ಲಿ ಕೇದಾರೇಶ್ವರನ ಜಗುಲಿಯಲ್ಲಿ ಕೂತು ಅವನಿಗೆ ಅಲ್ಲಮನ ಕತೆ ಹೇಳಿದೆ. ಹರಿಹರ ಪ್ರಭುದೇವರ ರಗಳೆಯಲ್ಲಿ ಹೇಳಿರುವ ಕತೆ. ಕಾಮಲತೆಯನ್ನು ಕಳೆದುಕೊಂಡ ಅಲ್ಲಮ ಊರ ಹೊರಗಿನ ತೋಟದಲ್ಲಿ ಮಂಕಾಗಿ ಕೂತು ಕಾಲಿನ ಉಗುರಿನಿಂದ ನೆಲ ಕೆರೆಯುತ್ತಾನೆ. ಮಣ್ಣಿನಲ್ಲಿ ಹೊನ್ನಿನ ಕಳಶದ ತುದಿ ಕಾಣುತ್ತದೆ. ಅಗೆಸಿದರೆ ಹೂತುಹೋದ ಒಂದು ಗುಡಿ! ಬಾಗಿಲು ಒದ್ದು ಒಳಗೆ ಹೋದರೆ ಅನಿಮಿಷಯ್ಯ ಕಣ್ಣು ಮಿಟುಕಿಸದೆ ಅಂಗೈಯ ಲಿಂಗವನ್ನು ನೋಡುತ್ತ ಕೂತಿದ್ದಾನೆ. ಅಲ್ಲಮ ಆ ಲಿಂಗವನ್ನು ತೆಗೆದುಕೊಂಡದ್ದೇ ಅನಿಮಿಷನ ಪ್ರಾಣ ಹೋಗುತ್ತದೆ. ಅಲ್ಲಿಂದ ಮುಂದೆ ಅಲ್ಲಮ ಮೊದಲಿನ ಮದ್ದಳೆಗಾರನಾಗಿ ಉಳಿಯುವುದಿಲ್ಲ.

ಚಿಕ್ಕಂದಿನಿಂದ ಕೇಳಿದ ಈ ಕತೆಯಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂದದ್ದು ಅವತ್ತೇ. ಹೊನ್ನಿನ ಕಳಶ ಏನಾಯಿತೆಂದು ಯಾರೂ ಕೇಳುವುದಿಲ್ಲ. ನೆಲದಡಿ ಸಿಕ್ಕ ವಸ್ತುವಿನ ಹಿಂದೆ ಒಬ್ಬ ಮನುಷ್ಯ ಕೂತಿದ್ದ. ಅವನ ಕೈಯಿಂದ ತೆಗೆದುಕೊಂಡವನಿಗೆ ಅದು ಬಿಟ್ಟಿಯಾಗಿ ದಕ್ಕಲಿಲ್ಲ. ಅವನ ಇಡೀ ಬಾಳೇ ಅದಕ್ಕೆ ಸಂದಿತು.

ಆದರೂ ನನ್ನ ಹುಡುಗ ಕೇಳಿದ ಪ್ರಶ್ನೆ ಸುಳ್ಳಲ್ಲ. ಯಾರದೂ ಅಲ್ಲದ್ದನ್ನು ತೆಗೆದುಕೊಂಡರೆ ಯಾರಿಗೆ ನಷ್ಟ? ನಾವೂ ದಾರಿಯಲ್ಲಿ ಐದು ರೂಪಾಯಿ ಸಿಕ್ಕರೆ ಅತ್ತ ಇತ್ತ ನೋಡಿ ಪರ್ಸಿಗೆ ಹಾಕಿಕೊಳ್ಳುವವರೇ. ಆ ಅತ್ತ ಇತ್ತ ನೋಡುವುದಿದೆಯಲ್ಲ, ಅದೇ ಉತ್ತರವೆಂದು ನನಗೆ ತೋರುತ್ತದೆ. ಯಾರದೂ ಅಲ್ಲ ಎಂದು ನಿಜವಾಗಿ ನಂಬಿದ್ದರೆ ನಾವು ಸುತ್ತ ನೋಡುತ್ತಿದ್ದೆವೇ?

ಕಾನೂನು ಕೂಡ ಮೊದಲು ಕೇಳುವುದು ಅದನ್ನೇ. 1878ರಲ್ಲಿ ಬ್ರಿಟಿಷರು ಮಾಡಿದ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಮಣ್ಣಿನಲ್ಲಿ ಸಿಕ್ಕಿದರೆ ಸಿಕ್ಕಿದವನು ಕಲೆಕ್ಟರರಿಗೆ ಬರೆದು ತಿಳಿಸಬೇಕು. ಕಲೆಕ್ಟರರು, ಇಂಥ ಕಡೆ ಇಂಥದು ಸಿಕ್ಕಿದೆ, ತನ್ನದು ಎನ್ನುವವರು ಬನ್ನಿ ಎಂದು ಪ್ರಕಟಣೆ ಹೊರಡಿಸಬೇಕು. ಹಾಗೆ ಬರುವುದಕ್ಕೆ ಕಡಿಮೆಯೆಂದರೆ ನಾಲ್ಕು ತಿಂಗಳ ಅವಕಾಶ ಕೊಡಬೇಕು. ಪಾಲು, ಬೆಲೆ ಎಲ್ಲ ಆಮೇಲಿನ ಮಾತು. ನಮ್ಮ ರಾಜ್ಯಕ್ಕೆ 1962ರ ಬೇರೆ ಕಾಯಿದೆಯೇ ಇದೆ. ಆದರೆ ಆ ಹಳೆಯ ಕಾಯಿದೆಯಲ್ಲಿ ನನಗೆ ಹಿಡಿಸಿದ್ದು ಈ ಕಾಯುವಿಕೆ. ನೂರಾರು ವರ್ಷ ಮಣ್ಣಿನಲ್ಲಿದ್ದದ್ದಕ್ಕೂ ಯಾರಾದರೂ ಬಂದಾರೇನೋ ಎಂದು ನಾಲ್ಕು ತಿಂಗಳು ಬಾಗಿಲು ತೆರೆದಿಡುವುದು.

ಹುಡುಗ ತನ್ನ ಪಕ್ಷಕ್ಕೂ ಒಂದು ಉದಾಹರಣೆ ಕೊಟ್ಟ. 1992ರಲ್ಲಿ ಇಂಗ್ಲೆಂಡಿನ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಸ್ನೇಹಿತನೊಬ್ಬ ಇಂಥದೇ ಯಂತ್ರ ಹಿಡಿದು ಹುಡುಕಿಕೊಡಲು ಹೋದ. ಸಿಕ್ಕಿದ್ದು ರೋಮನ್ನರ ಕಾಲದ ಹದಿನಾಲ್ಕು ಸಾವಿರಕ್ಕೂ ಹೆಚ್ಚು ನಾಣ್ಯ, ಬೆಳ್ಳಿಯ ಚಮಚ, ಚಿನ್ನದ ಸರ, ಬಳೆ. ಸ್ವಲ್ಪ ತೆಗೆದವನು ಕೈ ತಡೆದು ಅಧಿಕಾರಿಗಳಿಗೆ ತಿಳಿಸಿದ. ಉಳಿದದ್ದನ್ನು ಪುರಾತತ್ವದವರೇ ಜೋಪಾನವಾಗಿ ತೆಗೆದರು. ಅವನಿಗೆ ಸರ್ಕಾರದಿಂದ ದೊಡ್ಡ ಮೊತ್ತವೂ ಸಿಕ್ಕಿತು, ಅದನ್ನವನು ಆ ರೈತನ ಜೊತೆ ಹಂಚಿಕೊಂಡ. ಸುತ್ತಿಗೆಯೂ ಸಿಕ್ಕಿ, ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆಯಂತೆ.

ಆ ರಾಶಿಯಲ್ಲಿ ಒಂದು ಚಿನ್ನದ ಬಳೆ ಇದೆ. ಅದರ ಮೇಲೆ ಯೂಲಿಯಾನೆ ಎಂಬ ಹೆಂಗಸಿನ ಹೆಸರು ಕೊರೆದು, ಸುಖವಾಗಿ ತೊಟ್ಟುಕೋ ಎಂದು ಹರಸಿದ್ದಾರೆ. ಹುಡುಗ ಇದನ್ನು ಹೇಳಿದಾಗ ನನ್ನ ಕೈ ತಾನಾಗಿ ಕಿವಿಗೆ ಹೋಯಿತು. ಒಡವೆಯನ್ನು ಮಣ್ಣಿಗೆ ಹಾಕುವವರು ಹೊರಗೆ ಗಲಾಟೆ ಎದ್ದಾಗ, ಮತ್ತೆ ಬಂದು ತೆಗೆದುಕೊಳ್ಳುತ್ತೇವೆಂದೇ ಹಾಕಿರುತ್ತಾರೆ. ಮಣ್ಣಿನಲ್ಲಿ ಉಳಿದದ್ದು ಅಂದರೆ ಆಕೆ ತಿರುಗಿ ಬರಲಾಗಲಿಲ್ಲ ಎಂದೇ ಅರ್ಥ. ಯಾರದೂ ಅಲ್ಲದ್ದು ಎನ್ನುವ ಮಾತು ಆ ಬಳೆಯ ಮುಂದೆ ನಿಲ್ಲುವುದಿಲ್ಲ.

ನನ್ನ ಕೈ ಕಿವಿಗೆ ಹೋದದ್ದಕ್ಕೆ ಬೇರೆಯೇ ಕಾರಣವಿತ್ತು. ಅದನ್ನು ಹೇಳದಿದ್ದರೆ ಇಷ್ಟು ಹೊತ್ತು ಹುಡುಗನಿಗೆ ಮಾಡಿದ ಉಪದೇಶ ಬೂಟಾಟಿಕೆಯಾಗುತ್ತದೆ.

ನನ್ನನ್ನು ಕೊಟ್ಟ ಮನೆ ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. 1987ರ ಮಳೆಗಾಲ. ಮದುವೆಯಾಗಿ ಒಂದು ವರ್ಷವಾಗಿತ್ತು. ತವರಿನಲ್ಲಿ ಕೊಟ್ಟಿದ್ದ ಏಳು ಹರಳಿನ ಬೆಂಡೋಲೆಯಲ್ಲಿ ಒಂದು ಕಿವಿಯದು ಕಾಣೆಯಾಯಿತು. ಬಚ್ಚಲು, ಹಿತ್ತಲು, ಕೊಟ್ಟಿಗೆ ಎಲ್ಲ ಹುಡುಕಿದ್ದಾಯಿತು. ಸಿಗಲಿಲ್ಲ. ನಮ್ಮ ಮನೆಗೆ ಕೊಟ್ಟಿಗೆ ಬಾಚಿ ಪಾತ್ರೆ ತಿಕ್ಕಲು ಒಬ್ಬಾಕೆ ಬರುತ್ತಿದ್ದರು. ಯಾರೂ ಬಾಯಿಬಿಟ್ಟು ಕಳ್ಳಿ ಎನ್ನಲಿಲ್ಲ. ಸೆರಗಿನ ಗಂಟು ಬಿಚ್ಚಿ ತೋರಿಸೆಂದರು. ತೋರಿಸಿದರು. ದೇವರ ದೀಪ ಮುಟ್ಟಿ ಹೇಳೆಂದರು. ಹೊಸಿಲಾಚೆ ನಿಲ್ಲುತ್ತಿದ್ದ ಆಕೆಗೆ ದೀಪವನ್ನೇ ಹೊರಗೆ ತಂದು ಇಟ್ಟರು. ಆಕೆ ಮುಟ್ಟಿ ಹೇಳಿದರು. ಮಾರನೆಯ ದಿನ, ನಾಳೆಯಿಂದ ಬರುವುದು ಬೇಡ ಎಂದು ಹೇಳಿ ಕಳಿಸಿದರು. ಊರಿನಲ್ಲಿ ಬೇರೆ ಮನೆಯವರೂ ಕರೆಯಲಿಲ್ಲ. ಆರು ತಿಂಗಳೊಳಗೆ ಆಕೆ ಮಗಳನ್ನು ಕರೆದುಕೊಂಡು ಶಿರಾಳಕೊಪ್ಪದ ಕಡೆ ಹೋದರು.

ನನ್ನ ಓಲೆಯ ತಿರುಪು ಹದಿನೈದು ದಿನದಿಂದ ಸಡಿಲವಾಗಿತ್ತು. ಅದು ನನಗೆ ಗೊತ್ತಿತ್ತು. ಹೇಳಿದರೆ ಅಜಾಗರೂಕತೆ ಎಂದು ಅತ್ತೆಯ ಬೈಗುಳ ನನ್ನ ತಲೆಗೆ ಬರುತ್ತಿತ್ತು. ನಾನು ಹೇಳಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ನೋಡಿದೆ.

ಹುಡುಗನಿಗೆ ಓಲೆ ಕಳೆದ ವಿಷಯ ಮಾತ್ರ ಯಾರೋ ಹೇಳಿದ್ದರು. ಬಯಲಲ್ಲಿ ಬೇಡವಾದರೆ ನಮ್ಮದೇ ಹಿತ್ತಲಲ್ಲಿ ಹುಡುಕೋಣ, ಅದಕ್ಕೆ ಯಾರ ಅನುಮತಿಯೂ ಬೇಡ ಎಂದು ಹಟ ಹಿಡಿದು ಸೊರಬದ ಮನೆಗೆ ಕರೆದುಕೊಂಡು ಹೋದ. ಬೆಳಿಗ್ಗೆಯಿಂದ ಯಂತ್ರ ಆಡಿಸಿದ. ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆ. ಮೊದಲು ಸಿಗಲಿ ಎನ್ನಿಸುತ್ತಿತ್ತು. ಸ್ವಲ್ಪ ಹೊತ್ತಿಗೆ, ಸಿಗದಿದ್ದರೆ ಸಾಕು ಎನ್ನಿಸತೊಡಗಿತು. ಸಿಕ್ಕಿದರೆ ಆಕೆ ತೆಗೆದಿಲ್ಲವೆಂದು ತೀರ್ಮಾನವಾಗುತ್ತದೆ. ಸಿಗದಿದ್ದರೆ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ ಎಂದು ಈ ಮೂವತ್ತೆಂಟು ವರ್ಷ ಮಲಗಿದ ಹಾಗೆ ಮುಂದೆಯೂ ಮಲಗಬಹುದು.

ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಯಂತ್ರ ಕೂಗಿತು. ಹುಡುಗ ಕುಣಿದು ಅಗೆದ. ಬಂದದ್ದು ಹಿತ್ತಾಳೆ ಚೊಂಬಿನ ತುಂಡು. ನನಗೆ ಉಸಿರು ಹಗುರಾಯಿತು. ಆಮೇಲೆ, ಹಗುರಾದದ್ದಕ್ಕೆ ನಾಚಿಕೆಯಾಯಿತು. ಗಾರ್‌ಫೀಲ್ಡನ ವೈದ್ಯರು ನೆನಪಾದರು. ನಾವೂ ಮೊದಲೇ ತೀರ್ಮಾನಿಸಿದ ಕಡೆಯೇ ಹುಡುಕಿದವರಲ್ಲವೇ? ನಾವು ಹುಡುಕಿದ ಸೆರಗಿನ ಗಂಟಿನಲ್ಲಿ ಓಲೆ ಇರಲಿಲ್ಲ. ಅದು ಅಲ್ಲಿಲ್ಲವೆಂದು ನಂಬಲು ಓಲೆ ಸಿಗಲೇಬೇಕೇನು? ತಿರುಪು ಸಡಿಲವಿತ್ತು ಎಂಬುದು ಸಾಲದೇ?

ಯಂತ್ರ ಮಡಿಸೆಂದೆ. ವಾರ ಕಳೆದು ಶಿರಾಳಕೊಪ್ಪಕ್ಕೆ ಒಬ್ಬಳೇ ಹೋದೆ. ಆಕೆ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಬಟ್ಟೆ ಹೊಲಿಯುತ್ತಾರೆ. ಚಿಕ್ಕವಳಿದ್ದಾಗ ಕಂಡವಳು, ಬಾಯಿಗೆ ನೀನು ಎಂದು ಬಂದರೂ ನೀವು ಎಂದೆ. ತಿರುಪು ಸಡಿಲವಿದ್ದದ್ದು, ನಾನು ಹೇಳದೆ ಉಳಿದದ್ದು, ತಪ್ಪು ನನ್ನದೆಂದು ಹೇಳಿದೆ. ಹೊಲಿಗೆ ನಿಲ್ಲಿಸಿ ಕೇಳಿದರು.

"ಓಲೆ ಸಿಕ್ತೇನಮ್ಮ?"

"ಇಲ್ಲ. ಸಿಗದಿದ್ದರೂ ನಿಮ್ಮಮ್ಮ ತೆಗೆದಿಲ್ಲ. ಅದು ನನಗೆ ಗೊತ್ತು."

"ನಿಮಗೆ ಅವತ್ತೂ ಗೊತ್ತಿತ್ತಲ್ಲ" ಅಂದರು. ಸಿಟ್ಟಿನ ದನಿಯಲ್ಲ. ಚಹಾ ಮಾಡಿ ಕೊಟ್ಟರು. ಹೊರಡುವಾಗ ಬಾಗಿಲವರೆಗೆ ಬಂದು ನಿಂತರು. "ಊರಲ್ಲಿ ಈಗಲೂ ಆ ಮಾತು ಇದೆ. ಹೋದ ಸಲ ಜಾತ್ರೆಗೆ ಹೋದಾಗ ನನ್ನ ಮಗಳ ಕಿವೀಗೂ ಬಿತ್ತು. ಸಿಕ್ಕಿದರೆ ಹೇಳಿ ಕಳಿಸಿ ಅಮ್ಮ."

ಬಸ್ಸಿನಲ್ಲಿ ಕೂತು ಯೋಚಿಸಿದೆ. ನನ್ನ ಮನಸ್ಸಿನ ಸಮಾಧಾನಕ್ಕೆ ಓಲೆ ಬೇಡವಾಗಿತ್ತು. ತಪ್ಪೊಪ್ಪಿಕೊಂಡು ಬಂದೆನೆಂಬ ಹಗುರವೂ ನನ್ನದೇ. ಆದರೆ ಆ ಓಲೆ ನನ್ನದೆಂದು ಇಷ್ಟು ದಿನ ತಿಳಿದಿದ್ದೆನಲ್ಲ, ಅದರಲ್ಲಿ ಇನ್ನೊಬ್ಬರಿಗೂ ಪಾಲಿದೆ. ಅವರಿಗೆ ಅದರ ಚಿನ್ನ ಬೇಡ, ಅದು ಸಿಕ್ಕಿತೆಂಬ ಸುದ್ದಿ ಬೇಕು. ಸಿಕ್ಕಿದವರು ತಿಳಿಸಬೇಕು ಎಂಬ ಕಾನೂನಿನ ಮಾತನ್ನು ಹುಡುಗನಿಗೆ ಹೇಳಿಕೊಟ್ಟವಳು ನಾನು. ಹುಡುಕುವುದನ್ನೇ ನಿಲ್ಲಿಸಿದರೆ ತಿಳಿಸುವುದೇನನ್ನು?

ಮನೆಗೆ ಬಂದವಳೇ ಹುಡುಗನಿಗೆ ಫೋನ್ ಮಾಡಿದೆ. ಅಂದಿನ ಕಾಲದಲ್ಲಿ ಹಿತ್ತಲ ಕಸ, ಬೂದಿ, ಸಗಣಿ ಎಲ್ಲ ಗೊಬ್ಬರಗುಂಡಿಗೆ ಹೋಗುತ್ತಿತ್ತು. ಅಲ್ಲಿಂದ ಅಡಿಕೆ ತೋಟಕ್ಕೆ. ತೋಟ ಒಂದೂವರೆ ಎಕರೆ ಇದೆ. ಮರದ ಬುಡಗಳಿಗೆ ಪೆಟ್ಟಾಗದಂತೆ ಗೇಣು ಗೇಣು ನೋಡಬೇಕು.

"ಅಷ್ಟು ಸಣ್ಣ ಓಲೆ, ಸಿಗೋದು ಕಷ್ಟ ದೊಡ್ಡಮ್ಮ" ಅಂದ.

"ಗೊತ್ತು. ದೀಪಾವಳಿಗೆ ಬರುವಾಗ ಯಂತ್ರ ತಗೊಂಡು ಬಾ" ಅಂದೆ. "ಊರಲ್ಲಿ ಯಾರಾದರೂ ಏನು ಹುಡುಕುತ್ತಿದ್ದೀರಿ ಅಂತ ಕೇಳಿದರೆ, ತಿರುಪು ಸಡಿಲವಾಗಿ ನಮ್ಮ ದೊಡ್ಡಮ್ಮ ಬೀಳಿಸಿಕೊಂಡ ಓಲೆ ಅಂತ ಗಟ್ಟಿಯಾಗಿ ಹೇಳು."